ಕೊಲಂಬಿಯಾದ ‘ಕಳೆದುಹೋದ ನಗರ’ಕ್ಕೆ ಮೂರು ದಿನ ಸಾಕೇ, ನಾಲ್ಕು ಬೇಕೇ?

ನೀವು ಕೇಳಿರುವುದು ಇಷ್ಟು: ಜನವರಿಯಲ್ಲಿ ಸಿಯುದಾದ್ ಪೆರ್ದಿದಾಕ್ಕೆ, ಅಂದರೆ ಕಾಡುಗುಡ್ಡದ ಮೇಲಿರುವ ಆ ‘ಕಳೆದುಹೋದ’ ಪ್ರಾಚೀನ ನಗರಕ್ಕೆ, ನಡೆದು ಹೋಗುವ ಯೋಚನೆ ಇದೆ, ಕುಮಾರಪರ್ವತ ಹತ್ತಿದ್ದೀರಿ, ಇಳಿಯುವಾಗ ಮಂಡಿ ನೋಯುತ್ತದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೂರು ದಿನದ ಪ್ಯಾಕೇಜೋ, ನಾಲ್ಕು ದಿನದ್ದೋ?

ನಾಲ್ಕು ದಿನದ್ದೇ ತಗೊಳ್ಳಿ. ಎರಡರಲ್ಲೂ ದಾರಿ ಒಂದೇ, ಹೋಗಿಬರಲು ಹೆಚ್ಚುಕಡಿಮೆ 45 ಕಿ.ಮೀ. ಮೂರು ದಿನದ್ದರಲ್ಲಿ ಕೊನೆಯ ದಿನವೇ ನಗರ ಹತ್ತಿ, ನೋಡಿ, ಇಳಿದು, ಸಂಜೆಯೊಳಗೆ ಹೊರಟ ಹಳ್ಳಿಗೆ ವಾಪಸ್ ನಡೆಯಬೇಕು. ಮಂಡಿ ಕೈಕೊಡುವುದು ಆ ದಿನವೇ.

ಒಬ್ಬರೇ ಹೋಗಲು ಬಿಡುವುದಿಲ್ಲ. ಹತ್ತಿರದ ಸಾಂತಾ ಮಾರ್ತಾ ನಗರದಲ್ಲಿರುವ, ಅನುಮತಿ ಪಡೆದ ಏಜೆನ್ಸಿಗಳ ಮೂಲಕವೇ ಹೋಗಬೇಕು. ದರದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ, ಊಟ, ಮಲಗುವ ಜಾಗ, ಪ್ರವೇಶ ಶುಲ್ಕ, ಜೀಪು ಎಲ್ಲ ಅದರಲ್ಲೇ ಬರುತ್ತದೆ. ಹಾಗಾಗಿ ಚೌಕಾಸಿ ಮಾಡುವ ಬದಲು ಇಂಗ್ಲಿಷ್ ಬಲ್ಲ ಅನುವಾದಕರು ಜೊತೆಗಿರುತ್ತಾರೆಯೇ ಎಂದು ಕೇಳಿ. ಸ್ಪ್ಯಾನಿಷ್ ಬಾರದೆ ಹೋದರೆ ಮೇಲೆ ಕಾಣುವುದು ಬರೀ ಕಲ್ಲು. ಜನವರಿ ಒಳ್ಳೆಯ ತಿಂಗಳು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಕಡಿಮೆ. ಸೆಪ್ಟೆಂಬರ್‌ನಲ್ಲಿ ಆದಿವಾಸಿಗಳು ತಮ್ಮ ಶುದ್ಧಿಕಾರ್ಯಕ್ಕೆಂದು ದಾರಿಯನ್ನೇ ಮುಚ್ಚುತ್ತಾರೆ.

ಮೊದಲ ದಿನ ಎಲ್ ಮಾಮೇಯ್ ಹಳ್ಳಿಯಿಂದ ಏಳೆಂಟು ಕಿ.ಮೀ. ನೆರಳಿಲ್ಲದ ಕೆಂಪು ಮಣ್ಣಿನ ಏರು. ಹೊರಡುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ, ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಎರಡನೇ ದಿನ ಉದ್ದ, ಬುರಿತಾಕಾ ನದಿಯ ಮೇಲ್ಭಾಗದ ಪರಾಯಿಸೊ ಶಿಬಿರದವರೆಗೆ. ಮೂರನೇ ದಿನ ಬೆಳಗಿನ ಜಾವವೇ ನಗರ, ಆಮೇಲೆ ಅರ್ಧ ದಾರಿ ವಾಪಸ್. ನಾಲ್ಕನೇ ದಿನ ಉಳಿದದ್ದು.

ಜನ ಅಂದಾಜು ತಪ್ಪುವುದು ಮೆಟ್ಟಿಲುಗಳ ವಿಷಯದಲ್ಲಿ. ನದಿಯಿಂದ ನಗರಕ್ಕೆ ಸುಮಾರು 1,200 ಮೆಟ್ಟಿಲು. ಲೆಕ್ಕದಲ್ಲಿ ಚಾಮುಂಡಿ ಬೆಟ್ಟಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಇವು ಪಾವಟಿಗೆಯಂತಲ್ಲ, ಪಾಚಿ ಹಿಡಿದ ಚಪ್ಪಟೆ ಕಲ್ಲುಗಳು. ಹಲವು ಕಡೆ ಪಾದ ಅಡ್ಡಡ್ಡ ಇಟ್ಟರೆ ಮಾತ್ರ ಕೂರುತ್ತದೆ. ಹತ್ತಲು ದಮ್ಮು ಸಾಕು, ಇಳಿಯುವುದೇ ಕಷ್ಟ. ಮೈ ಓರೆ ಮಾಡಿ, ಒಂದೊಂದೇ ಹೆಜ್ಜೆ ಇಳಿಯಿರಿ. ರಬ್ಬರ್ ತುದಿಯ ಎರಡು ಊರುಗೋಲು ನಿಮಗೆ ಐಷಾರಾಮ ಅಲ್ಲ, ಅಗತ್ಯ. ಬರಿಯ ಲೋಹದ ತುದಿ ಕಲ್ಲಿನ ಮೇಲೆ ಜಾರುತ್ತದೆ.

ಚೀಲ ಐದಾರು ಕೆ.ಜಿ. ಮೀರಬಾರದು, ಉಳಿದದ್ದನ್ನು ಸಾಂತಾ ಮಾರ್ತಾದಲ್ಲೇ ಬಿಡಿ. ಕಾಡಿನ ತೇವಕ್ಕೆ ಒಗೆದ ಬಟ್ಟೆ ಒಣಗುವುದಿಲ್ಲ, ಬೆವರಿನದ್ದೂ ಅಷ್ಟೇ. ಆದ್ದರಿಂದ ಒಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ರಾತ್ರಿಗೆಂದೇ ಇಡಿ, ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಒದ್ದೆಯದನ್ನೇ ಮತ್ತೆ ಹಾಕಿಕೊಳ್ಳಿ. ದಾರಿಯಲ್ಲಿ ಎಟಿಎಂ ಇಲ್ಲ, ಚಿಲ್ಲರೆ ಪೇಸೊ ಬೇಕು.

ಮೇಲೆ ಗುಡಿ ಗೋಪುರ ಹುಡುಕಬೇಡಿ. ಮನೆಗಳು ಮರ ಮತ್ತು ಹುಲ್ಲಿನವು, ಎಂದೋ ಮಣ್ಣಾಗಿವೆ. ಉಳಿದಿರುವುದು ಕಲ್ಲು ಕಟ್ಟಿದ ದುಂಡನೆಯ ಜಗಲಿಗಳು, ಲೆಕ್ಕಕ್ಕೆ ಸಿಕ್ಕವು 169. ಕ್ರಿ.ಶ. 800ರ ಸುಮಾರಿಗೆ ಶುರುವಾದ ಊರು, ಪೆರುವಿನ ಮಾಚು ಪಿಚುಗಿಂತ ಆರು ಶತಮಾನಕ್ಕೂ ಹಳೆಯದು. ಗಮನ ಕೊಡಬೇಕಾದ್ದು ನೀರಿನ ವ್ಯವಸ್ಥೆಗೆ. ಇಷ್ಟು ಮಳೆ ಸುರಿಯುವ ಕಡಿದಾದ ಗುಡ್ಡದಲ್ಲಿ ತಡೆಗೋಡೆ, ಕಾಲುವೆ, ಹಾಸುಗಲ್ಲುಗಳೇ ನೀರನ್ನು ಹರಿಸಿ ಮಣ್ಣು ಜರಿಯದಂತೆ ಹಿಡಿದಿವೆ. 1970ರ ದಶಕದ ಆರಂಭದಲ್ಲಿ ನಿಧಿಗಳ್ಳರು ನುಗ್ಗಿದರು, 1976ರಲ್ಲಿ ಪುರಾತತ್ವದವರು ಬಂದರು. ‘ಕಳೆದುಹೋದದ್ದು’ ಎನ್ನುವುದು ಹೊರಗಿನವರ ಮಾತು. ಇಲ್ಲಿನ ಆದಿವಾಸಿಗಳಾದ ಕೋಗಿ ಜನರಿಗೆ ಇದು ತೆಯುನಾ, ಅವರು ಯಾವತ್ತೂ ಕಳೆದುಕೊಂಡಿರಲಿಲ್ಲ.

ಬಿಳಿ ಬಟ್ಟೆಯ ಕೋಗಿ ಗಂಡಸರ ಕೈಯಲ್ಲೊಂದು ಸಣ್ಣ ಸೋರೆಬುರುಡೆ ಕಾಣುತ್ತದೆ, ಹೆಸರು ಪೊಪೊರೊ. ಅದರೊಳಗೆ ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣ. ಬಾಯಲ್ಲಿ ಕೋಕಾ ಎಲೆ, ಕಡ್ಡಿಯಿಂದ ಸುಣ್ಣ ತೆಗೆದು ಅದಕ್ಕೆ ಸೇರಿಸುತ್ತಾರೆ. ಎಲೆಯಡಿಕೆ ಹಾಕುವ ನಮಗೆ ವಿವರಣೆ ಬೇಕಿಲ್ಲ. ಕಡ್ಡಿಯನ್ನು ಬುರುಡೆಯ ಬಾಯಿಗೆ ಒರೆಸಿ ಒರೆಸಿ ಅಲ್ಲಿ ಹಳದಿ ಪದರ ಬೆಳೆಯುತ್ತದೆ. ಕೇಳದೆ ಫೋಟೊ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ.

ಊಟ: ಅನ್ನ, ರಾಜ್ಮಾ ಜಾತಿಯ ಕಾಳು, ಮಸೂರ್ ಬೇಳೆ, ಕರಿದ ಬಾಳೆಕಾಯಿ, ಮೆಕ್ಕೆಜೋಳದ ರೊಟ್ಟಿ, ಹಣ್ಣು. ‘ಸಿನ್ ಕಾರ್ನೆ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಕೋಳಿ ಬಡಿಸಿಬಿಡಬಹುದು. ‘ನಿ ಪೊಯೊ, ನಿ ಪೆಸ್ಕಾದೊ, ನಿ ಉಯೆವೊ’, ಅಂದರೆ ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡ ಎಂದು ಬುಕ್ ಮಾಡುವಾಗಲೇ ಬರೆಸಿ. ಕಾಳು ಹಂದಿಮಾಂಸದ ಜೊತೆ ಬೆಂದಿದೆಯೇ ಎಂದೂ ಕೇಳಿ. ಒಂದು ಪೊಟ್ಟಣ ಚಟ್ನಿಪುಡಿ ಇದ್ದರೆ ನಾಲ್ಕು ದಿನ ನಿಶ್ಚಿಂತೆ.

ಕೊನೆಯದಾಗಿ ಹಳದಿ ಜ್ವರದ ಲಸಿಕೆ. ಕೊಲಂಬಿಯಾದಿಂದ ಆರು ದಿನದೊಳಗೆ ಭಾರತಕ್ಕೆ ಇಳಿದು ಪ್ರಮಾಣಪತ್ರ ತೋರಿಸದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರ ಮಾನ್ಯ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅಧಿಕೃತ ಕೇಂದ್ರದಲ್ಲಿ ಮಾತ್ರ ಹಾಕಿಸಿಕೊಳ್ಳಿ. ಪ್ರಮಾಣಪತ್ರದ ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಡಿ, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ.