ಕಂಡರೂ ಕಾಣದ ಹಾಗೆ ಕೂರುವುದು

ಪ್ರಶ್ನೆ: ಸಿನಿಮಾಗಳಲ್ಲಿ ಗೂಢಚಾರರು ಕಿಟಕಿಗೆ ಆತುಕೊಂಡು ದುರ್ಬೀನು ಹಿಡಿದಿರುತ್ತಾರೆ. ಸೈನ್ಯದಲ್ಲೂ ಹೀಗೆ ಒಂದೇ ಕಡೆ ಅಡಗಿ ಕೂತು ನೋಡುವ, ಕೇಳುವ ಕೆಲಸ ಇದೆಯಾ? ಅದರಲ್ಲಿ ಯಾವುದು ಕಷ್ಟ?

ಉತ್ತರ: ಇದೆ. ಸೈನ್ಯದಲ್ಲಿದ್ದಾಗ ನಾನೂ ಕೂತಿದ್ದೇನೆ. ಹಗಲು ನೋಡುವ ಜಾಗಕ್ಕೆ ಓಪಿ ಅಂತಿದ್ದೆವು, ಕತ್ತಲಾದ ಮೇಲೆ ಮುಂದೆ ಹೋಗಿ ಕಿವಿಗೊಟ್ಟು ಕೂರುವ ಜಾಗಕ್ಕೆ ಎಲ್‌ಪಿ. ಆದರೆ ಕಿಟಕಿಗೆ ಆತುಕೊಂಡು ಯಾರೂ ಕೂರುವುದಿಲ್ಲ. ದುರ್ಬೀನಿನ ಗಾಜು ಬಿಸಿಲಿಗೆ ಒಮ್ಮೆ ಮಿಂಚಿದರೆ ಸಾಕು, ಕಥೆ ಮುಗೀತು. ಕೋಣೆಯ ಒಳಗೆ, ಹಿಂದಕ್ಕೆ, ಕತ್ತಲಲ್ಲಿ ಕೂರಬೇಕು.

ರಾತ್ರಿಯ ಲೆಕ್ಕವೇ ಬೇರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು. ಒಂದು ಬೆಂಕಿಕಡ್ಡಿ ಗೀರಿದರೆ ಮತ್ತೆ ಮೊದಲಿನಿಂದ ಶುರು. ದಿಟ್ಟಿಸಿ ನೋಡಿದರೆ ವಸ್ತು ಮಾಯವಾಗುತ್ತದೆ, ಯಾಕೆಂದರೆ ಮಬ್ಬಿನಲ್ಲಿ ಕಾಣಿಸುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ. ಸ್ವಲ್ಪ ಪಕ್ಕಕ್ಕೆ ನೋಡಬೇಕು. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಒಂದು ಮೋಟು ಮರವನ್ನು 'ಕುಕ್ಕರಗಾಲಲ್ಲಿ ಕೂತ ಮನುಷ್ಯ' ಅಂತ ಫೋನಿನಲ್ಲಿ ವರದಿ ಮಾಡಿದ್ದೆ. ಅವನು ಪಕ್ಕಕ್ಕೆ ಸರಿದ ಅಂತಲೂ ಹೇಳಿದ್ದೆ!

ಇನ್ನು ಕಷ್ಟದ ಮಾತು. ತರಬೇತಿಯ ಒಂದು ರಾತ್ರಿ ನಾವಿಬ್ಬರು ಗುಂಡಿಯಲ್ಲಿದ್ದೆವು. 'ಶತ್ರು' ತಂಡ ಬಂತು. ಮೊದಲು ನೀರಿನ ಬಾಟಲಿ ಬಕಲ್ಲಿಗೆ ತಾಗುವ ಸದ್ದು, ಟಿಕ್ ಟಿಕ್ ಅಂತ. ಆಮೇಲೆ ಬೂಟು. 5 ಜನ ಅಂತ ಎಣಿಸಿದೆ. ಕೊನೆಯವನು ನಮ್ಮ ತಲೆಯ ಹತ್ತಿರವೇ ನಿಂತು ಮೂಗು ಸೀನಿಕೊಂಡ. ನನ್ನ ಜೊತೆಗಾರನಿಗೆ ತಡೆಯಲಾಗಲಿಲ್ಲ, ಗುಂಡಿಲ್ಲದೆ ಬರೀ ಸದ್ದು ಮಾಡುವ ತರಬೇತಿ ತೋಟೆ ಹಾರಿಸಿಯೇ ಬಿಟ್ಟ. ನಾವು ಗೆದ್ದೆವು ಅಂದುಕೊಂಡೆವು. ಬೆಳಿಗ್ಗೆ ತರಬೇತಿ ಕೊಡುವ ಉಸ್ತಾದರು ಇಬ್ಬರಿಗೂ ಸರಿಯಾಗಿ ಉಗಿದರು. 5 ಜನರಿಗೋಸ್ಕರ ಜಾಗ ಕಳಕೊಂಡಿರಿ, ಅವರ ಹಿಂದೆ ಎಷ್ಟು ಜನ ಬರುತ್ತಿದ್ದರು ಅಂತ ಈಗ ಯಾರಿಗೆ ಗೊತ್ತು, ಅಂದರು. ಆ ಪ್ರಶ್ನೆ ನನಗೆ ಇವತ್ತಿಗೂ ಚುಚ್ಚುತ್ತದೆ.

ಕಷ್ಟ ಅಂದರೆ ಇದೇ, ಕಂಡರೂ ಹೊಡೆಯದೆ ಸುಮ್ಮನೆ ಕೂರುವುದು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಡಗಿ ಕೂತು ಜಪಾನಿ ಹಡಗು, ವಿಮಾನಗಳ ಸುದ್ದಿಯನ್ನು ರೇಡಿಯೊದಲ್ಲಿ ಕಳಿಸುತ್ತಿದ್ದ ಆಸ್ಟ್ರೇಲಿಯಾದ ಕರಾವಳಿ ಕಾವಲುಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಮುಖ್ಯಸ್ಥ ಎರಿಕ್ ಫೆಲ್ಟ್ ಈ ಜಾಲಕ್ಕೆ ಇಟ್ಟ ಗುಪ್ತನಾಮ ಫರ್ಡಿನೆಂಡ್. ಅದು ಮಕ್ಕಳ ಕಥೆಯ ಗೂಳಿ. ಕಾಳಗ ಬೇಡ ಅಂತ ಮರದ ಕೆಳಗೆ ಹೂವು ಮೂಸುತ್ತಾ ಕೂರುತ್ತದೆ. ನಿಮ್ಮ ಕೆಲಸ ಹೊಡೆದಾಟ ಅಲ್ಲ ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದ. ಅವರ ರೇಡಿಯೊ ಹೊರಲಿಕ್ಕೇ 12ರಿಂದ 16 ಜನ ಬೇಕಿತ್ತು. ಅದನ್ನು ಇಟ್ಟುಕೊಂಡು ಓಡುವ ಮಾತೆಲ್ಲಿ?

1942ರ ಆಗಸ್ಟ್ 7ರಂದು ಬೂಗನ್‌ವಿಲ್ ದ್ವೀಪದಲ್ಲಿ ಪಾಲ್ ಮೇಸನ್ ಎಂಬ ಕಾವಲುಗಾರರ ತಲೆಯ ಮೇಲೆ ಜಪಾನಿ ಬಾಂಬರ್‌ಗಳು ಹಾರಿಹೋದವು. ಅವರು ಎಣಿಸಿದರು. 24 ವಿಮಾನ ನಿಮ್ಮ ಕಡೆ ಬರುತ್ತಿವೆ ಅಂತ ರೇಡಿಯೊದಲ್ಲಿ ತಿಳಿಸಿದರು. ಗ್ವಾಡಲ್‌ಕೆನಾಲ್‌ ದ್ವೀಪದ ಹತ್ತಿರ ನಿಂತಿದ್ದ ಅಮೆರಿಕದ ಹಡಗುಗಳಿಗೆ ಸಿದ್ಧವಾಗಲು ಸಮಯ ಸಿಕ್ಕಿತು. ಮೇಸನ್ ಮತ್ತೆ ಆಕಾಶ ನೋಡುತ್ತಾ ಕೂತರು.