ಪಾಠಪುಸ್ತಕ ಮಾತ್ರ ಯಾಕೆ ನಂಬಬೇಕು ಸಾರ್?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಮಳೆ ಹಿಡಿದಾಗ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಆದೇಶದ ಫೋಟೊ ವಾಟ್ಸಾಪ್‌ನಲ್ಲಿ ಬಂತು. ಮಾರನೇ ದಿನ ಒಂಬತ್ತನೇ ತರಗತಿಯ ಅರ್ಧ ಮಕ್ಕಳು ಬರಲೇ ಇಲ್ಲ. ಆಮೇಲೆ ನೋಡಿದರೆ ಅದು ಹಿಂದಿನ ವರ್ಷದ್ದು, ದಿನಾಂಕ ಇದ್ದ ಮೇಲಿನ ತುದಿಯನ್ನು ಯಾರೋ ಕತ್ತರಿಸಿದ್ದರು. ಸಿಟ್ಟಿನಲ್ಲಿ ‘ಫೋನಿನಲ್ಲಿ ಬಂದಿದ್ದು ಯಾವುದನ್ನೂ ನಂಬಬೇಡಿ’ ಅಂದೆ. ಒಬ್ಬ ಹುಡುಗ ಎದ್ದು ನಿಂತು ‘ಹಾಗಾದ್ರೆ ಪಾಠಪುಸ್ತಕ ಮಾತ್ರ ಯಾಕೆ ನಂಬಬೇಕು ಸಾರ್?’ ಅಂದ. ಗದರಿಸಿ ಕೂರಿಸಿಬಿಟ್ಟೆ. ಉತ್ತರ ನನಗೂ ಹೊಳೆದಿರಲಿಲ್ಲ. ಏನು ಹೇಳಬೇಕಿತ್ತು?

ಉತ್ತರ: ಮೇಷ್ಟ್ರೇ, ನಾಳೆ ತರಗತಿಗೆ ಹೋದ ಕೂಡಲೇ ಆ ಹುಡುಗನಿಗೆ ‘ನಿನ್ನ ಪ್ರಶ್ನೆ ಸರಿ ಇತ್ತು ಕಣೋ’ ಅನ್ನಿ. ಎಲ್ಲರ ಮುಂದೆಯೇ ಅನ್ನಿ, ಗದರಿಸಿದ್ದೂ ಎಲ್ಲರ ಮುಂದೆ ಅಲ್ವಾ? ಆಮೇಲೆ ಪಾಠಪುಸ್ತಕದ ಮೊದಲ ಪುಟಗಳನ್ನು ತೆಗೆಸಿ. ಯಾರು ಬರೆದರು, ಯಾರು ಪರಿಶೀಲಿಸಿದರು, ಯಾವ ವರ್ಷ ಅಚ್ಚಾಯಿತು ಎಲ್ಲವೂ ಅಲ್ಲಿದೆ. ಪುಸ್ತಕದಲ್ಲೂ ತಪ್ಪು ಇರುತ್ತದೆ, ಅದನ್ನು ಮುಚ್ಚಿಡಬೇಡಿ. ಆದರೆ ತಪ್ಪು ಕಂಡರೆ ಕೇಳಲು ಜನ ಇದ್ದಾರೆ, ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಫಾರ್ವರ್ಡ್ ಆಗಿ ಬಂದ ಫೋಟೊಗೆ ವಾರಸುದಾರರೇ ಇಲ್ಲ.

ಇನ್ನು ಆ ಆದೇಶ. ಮಕ್ಕಳನ್ನು ಬೈಯಬೇಡಿ, ಯಾಕಂದ್ರೆ ಅದರ ಸಹಿ, ಸೀಲು ಎಲ್ಲ ನಿಜವೇ. ಇಂಥದ್ದನ್ನು ಎಷ್ಟು ದಿಟ್ಟಿಸಿ ನೋಡಿದರೂ ಏನೂ ಗೊತ್ತಾಗಲ್ಲ. ಅದನ್ನು ಬಿಟ್ಟು ಬೇರೆ ಕಡೆ ನೋಡಬೇಕು: ಜಿಲ್ಲಾಡಳಿತದ ಪುಟದಲ್ಲಿ ಇದೆಯಾ, ಪೇಪರ್‌ನಲ್ಲಿ ಬಂದಿದೆಯಾ, ಹೆಡ್ ಮಾಸ್ಟರಿಗೆ ಬಿಇಒ ಕಚೇರಿಯಿಂದ ತಿಳಿಸಿದ್ದಾರಾ. ಎರಡು ನಿಮಿಷದ ಕೆಲಸ.

ತುದಿ ಕತ್ತರಿಸಿದರೆ ಏನಾಗುತ್ತದೆ ಅನ್ನಲು 2018ರ ಮಕ್ಕಳ ಕಳ್ಳರ ವಿಡಿಯೊ ಕಥೆ ಹೇಳಿ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿಗಾಗಿ ಮಾಡಿದ್ದು, ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ಬಿಟ್ಟು ಒಂದು ಫಲಕ ತೋರಿಸುತ್ತಾರೆ. ಆ ಕೊನೆಯನ್ನೇ ಕತ್ತರಿಸಿ ನಮ್ಮಲ್ಲಿ ಹಂಚಿದರು. ಮಕ್ಕಳ ಕಳ್ಳರು ಅನ್ನುವ ವದಂತಿಗೆ ಆ ವರ್ಷ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಜನರ ಹೊಡೆತಕ್ಕೆ ಸತ್ತರು. ಹದಿನಾಲ್ಕು ವರ್ಷದ ಮಕ್ಕಳಿಗೆ ಇದನ್ನು ಹೇಳಬಹುದು, ಹೇಳಲೇಬೇಕು.

ನಿಮ್ಮ ಮಕ್ಕಳಿಗೆ ಅನುಮಾನ ಪಡಲು ಬರಲ್ಲ ಅಂದುಕೊಳ್ಳಬೇಡಿ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಅದನ್ನು ಬೋರ್ಡ್ ಮೇಲೆ ಬರೆದು ಕೆಳಗೆ ‘ರೈತರೆಲ್ಲ ಸಾಹುಕಾರರಾದರು’ ಅಂತ ಬರೆಯಿರಿ. ತೋಟದ ಮನೆಯ ಮಕ್ಕಳು ಸುಮ್ನೆ ಕೂರಲ್ಲ. 15 ಕೆಜಿ ಬಾಕ್ಸಾ, ಎಷ್ಟು ದಿನ ಆ ರೇಟು ಇತ್ತು, ಒಳ್ಳೇ ಮಾಲಿಗೆ ಮಾತ್ರವಾ, ಕಮಿಷನ್ ಕಳೆದು ಕೈಗೆ ಎಷ್ಟು ಬಂತು, ಆಗ ಗಿಡದಲ್ಲಿ ಹಣ್ಣು ಇದ್ದಿದ್ದಾದರೂ ಯಾರಿಗೆ ಅಂತ ಅವರೇ ಕೇಳುತ್ತಾರೆ. ಗೊತ್ತಿರುವ ವಿಷಯ, ಅದಕ್ಕೇ ಪ್ರಶ್ನೆ ತಾನಾಗಿ ಬರುತ್ತದೆ. ಕ್ಯಾನ್ಸರ್ ವಾಸಿ ಮಾಡುವ ಸೊಪ್ಪಿನ ವಿಡಿಯೊ ನೋಡಿದಾಗ ಅವರಿಗೆ ಕೇಳಲು ಏನೂ ತೋಚಲ್ಲ, ಅಲ್ಲಿ ವಿಜ್ಞಾನ ಮೇಷ್ಟ್ರ ನೆರವು ಬೇಕು. ತಿಳಿವಳಿಕೆ ಕೊಡದೆ ‘ನಂಬಬೇಡಿ’ ಅಂತ ಮಾತ್ರ ಕಲಿಸಿದರೆ ನಾಳೆ ಡಾಕ್ಟರ್ ಮಾತನ್ನೂ ನಂಬದವರಾಗುತ್ತಾರೆ ಅನ್ನುವುದು ನನ್ನ ನಿಜವಾದ ಭಯ.

ನಿಮ್ಮ ಜಿಲ್ಲೆಯ ಹೊಸೂರಿನವರಾದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿದ್ದರು. ಬರೀ ‘ಸುಳ್ಳು’ ಅಂದು ಸುಮ್ಮನಾಗಲಿಲ್ಲ, ಪರೀಕ್ಷೆಗೆ ಕರೆದರು. ನೀವೂ ಹಾಗೇ ಮಾಡಿ. ಬೇರೆ ಪೀರಿಯಡ್ ಬೇಕಿಲ್ಲ, ವಾರಕ್ಕೊಂದು ದಿನ ಹತ್ತು ನಿಮಿಷ ಸಾಕು. ಮನೆಯ ಫೋನಿಗೆ ಬಂದ ಒಂದು ಫಾರ್ವರ್ಡ್ ಬರೆದುಕೊಂಡು ಬರಲಿ, ಎಲ್ಲರೂ ಸೇರಿ ಹುಡುಕಿ. ಶಿಕ್ಷಕರ ಗ್ರೂಪಿಗೆ ಬಂದದ್ದನ್ನೂ ಒಮ್ಮೆ ತನ್ನಿ. ಮೊದಲನೇದು ಮಾತ್ರ ಆ ಹುಡುಗನೇ ತರಲಿ.