ಜ್ಯೂಸ್ ಕ್ಲೆನ್ಸ್ ಮಾಡುವಾಗ ತಲೆನೋವು ಬಂದರೆ ವಿಷ ಹೊರಗೆ ಹೋಗುತ್ತಿದೆ ಅಂತಾನಾ?

ಊಟ ಬಿಟ್ಟು ಬರೀ ಜ್ಯೂಸ್ ಕುಡಿಯುವ ಈ ಕ್ಲೆನ್ಸ್ ಶುರು ಮಾಡುವ ಮುಂಚೆ ಕಾಫಿ, ಟೀ ಕುಡಿಯುವ ಅಭ್ಯಾಸ ಇತ್ತಾ ನಿಮಗೆ? ಇದ್ದರೆ ಬೇರೆ ಕಾರಣ ಆಮೇಲೆ ಹುಡುಕೋಣ. ದಿನಾ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ತಲೆ ಹಿಡಿದುಕೊಳ್ಳುತ್ತದೆ, ಎರಡನೇ ದಿನ ಜೋರಾಗುತ್ತದೆ. ನೀವೂ ಎರಡನೇ ದಿನದಲ್ಲಿದ್ದೀರಿ, ತಡೆದುಕೊಂಡು ಮುಂದುವರಿಸಲಾ, ಸೊಪ್ಪಿನ ಜ್ಯೂಸ್ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ ಅಲ್ವಾ?

ನಾನೂ ಕ್ಲೆನ್ಸ್ ಮಾಡುವಾಗ, ನನಗೆ ಜ್ಯೂಸ್ ಪ್ಲಾನ್ ಮಾರಿದವರಿಗೆ ಇದನ್ನೇ ಕೇಳಿದ್ದೆ. "ಒಳ್ಳೆ ಲಕ್ಷಣ, ಟಾಕ್ಸಿನ್ ಹೊರಗೆ ಬರ್ತಿದೆ" ಅಂದರು. ನಂಬಿದೆ. ದುಡ್ಡು ಕೊಟ್ಟಾಗಿತ್ತು, ತೂಕವೂ ಇಳಿಯುತ್ತಿತ್ತು. (ಅದರಲ್ಲಿ ಹೆಚ್ಚಿನದು ನೀರು. ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಬಿಟ್ಟರೆ ಎರಡೂ ಖಾಲಿ, ಊಟ ಶುರು ಮಾಡಿದರೆ ಎರಡೂ ವಾಪಸ್.)

ನಾನು ಕೆಟ್ಟಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜ್ಯೂಸ್ ಕುಡಿದದ್ದು ದೊಡ್ಡ ತಪ್ಪಲ್ಲ. ಆರೋಗ್ಯವಾಗಿರುವವರು ಒಂದೆರಡು ದಿನ ಕುಡಿದರೆ ಹಸಿವು, ಸಿಡುಕು ಬಿಟ್ಟರೆ ಹೆಚ್ಚೇನೂ ಆಗದು. ನನ್ನನ್ನು ಕೆಡಿಸಿದ್ದು ಆ "ಒಳ್ಳೆ ಲಕ್ಷಣ". ತಲೆನೋವು ಬಂತು, ಒಳ್ಳೆ ಲಕ್ಷಣ. ಕೈ ನಡುಗಿತು, ಒಳ್ಳೆ ಲಕ್ಷಣ. ಎದ್ದು ನಿಂತರೆ ಕಣ್ಣು ಕತ್ತಲೆ, ಅದೂ ಟಾಕ್ಸಿನ್. ಚೆನ್ನಾಗಿದ್ದರೆ ಕ್ಲೆನ್ಸ್ ಕೆಲಸ ಮಾಡುತ್ತಿದೆ, ಸುಸ್ತಾದರೆ ಇನ್ನೂ ಜೋರಾಗಿ ಕೆಲಸ ಮಾಡುತ್ತಿದೆ. ಹಾಗಾದರೆ ನಿಲ್ಲಿಸಬೇಕು ಅಂತ ಗೊತ್ತಾಗುವುದು ಯಾವಾಗ? ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಇದರ ನಡುವೆ ಬಿಪಿ ಮಾತ್ರೆ ಮಾತ್ರ ದಿನಾ ತಪ್ಪದೆ ನುಂಗುತ್ತಿದ್ದೆ. ಮೂತ್ರ ಜಾಸ್ತಿ ಮಾಡಿಸಿ ಉಪ್ಪು, ನೀರು ಹೊರಗೆ ಹಾಕುವ ಮಾತ್ರೆ ಅದು. ಹೊಟ್ಟೆಗೆ ಊಟ ಇಲ್ಲ, ಉಪ್ಪು ಇಲ್ಲ, ಮಾತ್ರೆಯೋ ಹಳೇ ಲೆಕ್ಕದಲ್ಲೇ ಬಿಪಿ ಇಳಿಸುತ್ತಿತ್ತು. ಕಣ್ಣು ಕತ್ತಲೆ ಬರದೆ ಇನ್ನೇನು? ಒಂದು ಬೆಳಿಗ್ಗೆ ಬಗ್ಗಿ ಬಾಯಿ ಮುಕ್ಕಳಿಸಿ ತಲೆ ಎತ್ತಿದ್ದಷ್ಟೇ ನೆನಪು. ಸಿಂಕಿನ ಅಂಚು ಬಡಿದು ಗದ್ದ ಸೀಳಿತ್ತು, ಮುಂದಿನ ಹಲ್ಲು ಅರ್ಧ ಮುರಿದಿತ್ತು. ಹೊಲಿಗೆ ಹಾಕುತ್ತಾ ಡಾಕ್ಟರು "ತಲೆ ಸುತ್ತೋದು ಯಾವಾಗಿಂದ?" ಅಂದರು. ಶುರುವಿನಿಂದಲೇ ಅಂದೆ. "ಮತ್ತೆ ಅವತ್ತೇ ಯಾಕೆ ಬರ್ಲಿಲ್ಲ?" ಒಳ್ಳೆ ಲಕ್ಷಣ ಅಂದುಕೊಂಡಿದ್ದೆ ಅಂತ ಅವರ ಮುಂದೆ ಹೇಳುವುದು ಹೇಗೆ!

ನಿಮಗೆ ಪ್ಲಾನ್ ಕೊಟ್ಟವರನ್ನು ಒಂದು ಮಾತು ಕೇಳಿ ನೋಡಿ: ಯಾವ ವಿಷ? ಹೆಸರು ಹೇಳಲಿ. 2009ರಲ್ಲಿ ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆ ವಿಷ ಹೊರಹಾಕುತ್ತೇವೆ ಅನ್ನುವ 15 "ಡಿಟಾಕ್ಸ್" ಉತ್ಪನ್ನಗಳ ಹಿಂದೆ ಬಿದ್ದು ವಿಚಾರಿಸಿತ್ತು. ಡಿಟಾಕ್ಸ್ ಅಂದರೇನು ಅನ್ನುವುದಕ್ಕೇ ಒಂದು ಕಂಪನಿಯ ಉತ್ತರ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಲಿವರ್ ಅಮೋನಿಯಾವನ್ನು ಯೂರಿಯಾ ಮಾಡಿ ಹೊರಗೆ ಸಾಗಿಸುತ್ತದೆ. ಇವೆರಡೂ ನಿಜವಾಗಿ ಕೆಟ್ಟರೆ ಬೇಕಾಗುವುದು ಆಸ್ಪತ್ರೆ. ಹಣ್ಣಿನ ನಾರೆಲ್ಲ ಎಸೆದು ಸಕ್ಕರೆ ನೀರು ಕುಡಿಯುವುದಕ್ಕೆ ಶುದ್ಧಿ ಅಂತ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು.

ಮುಂದುವರಿಸಲಾ ಅಂದರೆ, ಬೇಡ. ಇವತ್ತೇ ನಿಲ್ಲಿಸಿ, ಊಟ ಮಾಡಿ. ಉಳಿದ ಬಾಟಲಿ ದಂಡ ಅನ್ನಿಸಿದರೆ ಊಟದ ಜೊತೆ ಒಂದೊಂದು ಲೋಟ ಕುಡಿಯಿರಿ. ಬಿಪಿ ಅಥವಾ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಸೊಪ್ಪಿನ ಜ್ಯೂಸ್ ಜಾಸ್ತಿ ಮಾಡುವ ಯೋಚನೆಯನ್ನಂತೂ ಬಿಟ್ಟುಬಿಡಿ. ಪಾಲಕ್, ಬೀಟ್‌ರೂಟಿನಲ್ಲಿ ಆಕ್ಸಲೇಟ್ (ಕಿಡ್ನಿಯಲ್ಲಿ ಕಲ್ಲಾಗಿಸಬಲ್ಲ ಅಂಶ) ಜಾಸ್ತಿ. ಲೋಟಗಟ್ಟಲೆ ಇಂಥ ಜ್ಯೂಸ್ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಮೊದಲೇ ಕಿಡ್ನಿಯಲ್ಲಿ ಕಲ್ಲಾಗಿದ್ದರೆ ಕೇಳುವುದೇ ಬೇಡ.